‘ತಿಂದು ಬಂದಿದ್ದಾರೆ’ ಎಂದು ಬರೆದ ಕೈ

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ಡಿಪ್ಲೊಮಾ ಮುಗಿಸಿರುತ್ತಾರೆ, ಕಣ್ಣಲ್ಲಿ ಇನ್ನೂ ಪರೀಕ್ಷೆಯ ಭಯ ಇರುತ್ತದೆ. “ಸಾರ್, ನೀವು ಭಾಳ ವರ್ಷ ಮಾಡೀರಿ, ನಮಗೂ ಏನರ ಹೇಳ್ರಿ” ಎನ್ನುತ್ತಾರೆ. ದಪ್ಪ ಕೈಯವರಲ್ಲಿ ನರ ಹುಡುಕುವುದು ಹೇಗೆ, ಅಳುವ ಮಗುವನ್ನು ಯಾರ ತೊಡೆಯ ಮೇಲೆ ಕೂರಿಸಬೇಕು, ಇಂಥವನ್ನೆಲ್ಲ ಹೇಳಿ ಚಹಾ ಕುಡಿಸಿ ಕಳಿಸುತ್ತೇನೆ. ಹೇಳಬೇಕಾದ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಎದುರಿಗೆ ಕೂತವರಿಗೆ ಹೇಳಲು ನಾಚಿಕೆ. ಕಾಗದಕ್ಕಾದರೆ ಕಣ್ಣಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬ್ ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಖಾಸಗಿಯದು. ಅದನ್ನು ನಡೆಸುತ್ತಿದ್ದ ಪೆಥಾಲಜಿಸ್ಟರನ್ನು ನಾವೆಲ್ಲ ಡಾಕ್ಟರ್ ಮೇಡಂ ಎನ್ನುತ್ತಿದ್ದೆವು. ಕಂಪ್ಲಿ, ಸಂಡೂರು, ಹಂಪಿ ಕಡೆಯ ಜನ ಬೆಳಗಿನ ಮೊದಲ ಬಸ್ಸಿಗೆ ಬಂದು ನಮ್ಮ ಕಿಟಕಿಯ ಮುಂದೆ ಸಾಲಾಗಿ ನಿಂತಿರುತ್ತಿದ್ದರು. ನನಗೆ ಕೆಲಸ ಕಲಿಸಿದವರು ಖಾದರ್ ಸಾಬರು. ಗಾಜಿನ ಕೊಳವೆಯನ್ನು ಬಾಯಲ್ಲಿಟ್ಟು ಸೀರಂ ಎಳೆಯುತ್ತಿದ್ದ ಕಾಲ ಅದು. ಒಂದು ಸಲ ನಾನು ಜೋರಾಗಿ ಎಳೆದು ನುಂಗಿಯೂ ಬಿಟ್ಟೆ. ಸಾಬರು ನಕ್ಕು, “ಹೋಗಲಿ ಬಿಡಪಾ, ಶುಗರ್ ಇಲ್ಲದ ಮನಿಷಾಂದು” ಎಂದಿದ್ದರು.

ರಕ್ತವನ್ನು ಟ್ಯೂಬಿನಲ್ಲಿ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಅದೇ ಸೀರಂ. ಕೆಲವರದ್ದು ತಿಳಿಯಾಗಿರುವುದಿಲ್ಲ. ಹಾಲು ಹುಯ್ದಂತೆ ಬೆಳ್ಳಗಿರುತ್ತದೆ. ಅದು ಕೊಬ್ಬು. ನಾವು ತಿಂದ ಎಣ್ಣೆ, ಅನ್ನ, ಬೆಲ್ಲಗಳಿಂದ ಮೈ ಕೊಬ್ಬಿನಾಮ್ಲಗಳನ್ನು ಮಾಡಿಕೊಂಡು, ಗದ್ದೆಯಲ್ಲಿ ಕೊಯ್ದ ಪೈರನ್ನು ಸಿವುಡು ಕಟ್ಟುವಂತೆ ಮೂರು ಮೂರನ್ನು ಸೇರಿಸಿ ಕಟ್ಟಿ, ರಕ್ತದಲ್ಲಿ ಸಾಗಿಸುತ್ತದೆ. ಆ ಸಿವುಡಿನ ಹೆಸರು ಟ್ರೈಗ್ಲಿಸರೈಡ್. ಸಿವುಡು ವಿಪರೀತವಾದರೆ ಸೀರಂ ಬೆಳ್ಳಗಾಗುತ್ತದೆ. ಇಷ್ಟು ಶಾಸ್ತ್ರ ನನಗೆ ಮೊದಲಿನಿಂದಲೂ ಗೊತ್ತಿತ್ತು, ಅದೇ ಈಗ ಹೆಚ್ಚು ಚುಚ್ಚುತ್ತದೆ.

ಅಂಥ ಟ್ಯೂಬು ಬಂದಾಗ ಏನು ಮಾಡಬೇಕೆಂದು ಸಾಬರು ಮೊದಲ ವಾರವೇ ಹೇಳಿಕೊಟ್ಟಿದ್ದರು. “ಬೆಳ್ಳಗ ಬಂತಂದ್ರ ತಿಂದು ಬಂದಾರ ಅಂತ ತಿಳ್ಕೋ. ಚೆಲ್ಲು. ಮತ್ತ ಬಾ ಅನ್ನು.” ಅವರ ಕಾಲಕ್ಕೆ ಅದು ತಪ್ಪಲ್ಲ. ಹಳೇ ಯಂತ್ರ ಬೆಳಕು ಹಾಯಿಸಿ ಓದುತ್ತಿತ್ತು, ಬೆಳ್ಳಗಿನ ಸೀರಂನಲ್ಲಿ ಅದಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಜನರೂ ಸಾಮಾನ್ಯರಲ್ಲ. ಹನ್ನೆರಡು ತಾಸು ಏನೂ ತಿನ್ನದೆ ಬರ್ರಿ ಎಂದರೆ, ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ತುಟಿ ಒರೆಸಿಕೊಳ್ಳುತ್ತಾ ಬರುವವರು ಎಷ್ಟೋ ಮಂದಿ. ಕೇಳಿದರೆ, “ಮಂಡಕ್ಕಿ ಊಟ ಹೆಂಗಾಗ್ತೈತ್ರಿ?” ಎಂದು ನಮ್ಮನ್ನೇ ಕೇಳುವರು. ವರ್ಷಗಟ್ಟಲೆ ಇಂಥವರನ್ನು ಕಂಡು ಕಂಡು, ಕಿಟಕಿಯ ಆಚೆ ನಿಂತವರೆಲ್ಲ ಸುಳ್ಳರು ಎಂಬ ಭಾವನೆ ನನ್ನಲ್ಲಿ ಗಟ್ಟಿಯಾಯಿತು. ಸಾಬರು ನಿವೃತ್ತರಾಗಿ ಹೋದರು. ಹಳೇ ಯಂತ್ರ ಹೋಗಿ, ಬೆಳ್ಳಗಿನ ಸೀರಂ ಅನ್ನೂ ಓದಬಲ್ಲ ಹೊಸದು ಬಂತು. ನಿಯಮ ಮಾತ್ರ ನನ್ನ ತಲೆಯಲ್ಲಿ ಹಾಗೇ ಇತ್ತು.

ಇನ್ನೊಂದು ಭಾವನೆಯೂ ಇತ್ತು. ಹಾರ್ಟ್ ಕೆಡುವುದು ಗಂಡಸರದ್ದು ಎಂಬುದು. ಸಂಡೂರಿನ ಕಡೆ ಒಂದು ಗಣಿಯಲ್ಲಿ ವರ್ಷಕ್ಕೊಮ್ಮೆ ತಪಾಸಣೆ ಶಿಬಿರ ಮಾಡುತ್ತಿದ್ದೆವು. ಗಂಡಸರಿಗೆ ಕೊಬ್ಬಿನ ಪರೀಕ್ಷೆ, ಇಸಿಜಿ ಎಲ್ಲ ಇತ್ತು. ಅವರ ಹೆಂಡಿರಿಗೆ ಹಿಮೋಗ್ಲೋಬಿನ್ ಒಂದು, ಮೂತ್ರ ಒಂದು, ಮುಗಿಯಿತು. ಒಬ್ಬ ಹೆಣ್ಣುಮಗಳು ಸಾಲಿನಲ್ಲಿ ನಿಂತು ಕೇಳಿದಳು: “ಎದಿ ಪರೀಕ್ಷಾ ನಮಗಿಲ್ಲೇನ್ರಿ?” ನಾನು ಸೂಜಿ ತೆಗೆಯುತ್ತಾ, “ನಿಮಗ್ಯಾಕ್ರಿ ಅದು, ನಿಮ್ಮ ಎದಿ ಭಾಳ ಗಟ್ಟಿ. ಕೆಡೋದು ನಿಮ್ಮ ಯಜಮಾನ್ರದು” ಎಂದೆ. ಸಾಲಿಗೆ ಸಾಲೇ ನಕ್ಕಿತು. ಅವಳೂ ನಕ್ಕಳು. ದೊಡ್ಡ ಮಾತುಗಾರ ನಾನು ಎಂದು ಆ ದಿನ ನನಗೇ ಹೆಮ್ಮೆಯಾಗಿತ್ತು.

ಆ ಶಿಬಿರದ ಫಾರಂನಲ್ಲಿ ಹೆಂಗಸರಿಗೆ ಒಂದು ಪ್ರಶ್ನೆ ಇತ್ತು, ಮುಟ್ಟು ನಿಂತಿದೆಯೇ, ನಿಂತು ಎಷ್ಟು ವರ್ಷವಾಯಿತು ಎಂದು. ಗಂಡಸಾಗಿ ಅದನ್ನು ಹೇಗೆ ಕೇಳುವುದು? ಬಾಯಿ ಕಟ್ಟುತ್ತಿತ್ತು. ನಾನು ಯಾರನ್ನೂ ಕೇಳದೆ ಎಲ್ಲರ ಫಾರಂನಲ್ಲೂ ಒಂದು ಗೀಟು ಎಳೆದುಬಿಡುತ್ತಿದ್ದೆ. ಡಾಕ್ಟರ್ ಮೇಡಂ ಒಮ್ಮೆ ಆ ಗೀಟುಗಳನ್ನು ನೋಡಿ ಕನ್ನಡಕ ಕೆಳಗಿಳಿಸಿ ಕೇಳಿದರು: “ಏನ್ರಿ ಇದು, ನಿಮ್ಮ ಊರಾಗ ಯಾರಿಗೂ ಮುಟ್ಟು ನಿಲ್ಲಂಗಿಲ್ಲೇನು?” ಆಮೇಲೆ ತಾಳ್ಮೆಯಿಂದಲೇ ತಿಳಿಸಿಕೊಟ್ಟರು. ಮುಟ್ಟಿನ ದಿನಗಳಲ್ಲಿ ಹೆಣ್ಣಿನ ಮೈಯಲ್ಲಿ ಈಸ್ಟ್ರೋಜನ್ ಎಂಬ ರಸ ಇರುತ್ತದೆ, ಅದು ಒಂದು ಮಟ್ಟಿಗೆ ಹೃದಯವನ್ನು ಕಾಯುತ್ತದೆ. ಅದು ಕಡಿಮೆಯಾಗುತ್ತಾ ಬಂದ ಹಾಗೆ ರಕ್ತದ ಕೊಬ್ಬು ಏರತೊಡಗುತ್ತದೆ. ಗಂಡಸರಿಗೆ ಹತ್ತು ವರ್ಷ ಮೊದಲು ಬರುವ ಕುತ್ತು ಹೆಂಗಸರಿಗೆ ಆಗ ಬರುತ್ತದೆ, ಅದೂ ಎಷ್ಟೋ ಸಲ ಎದೆನೋವು ಎಂದು ಹೆಸರು ಹೇಳಿಕೊಂಡು ಬರುವುದಿಲ್ಲ. ಸುಸ್ತು, ದಮ್ಮು, ದವಡೆ ನೋವು, ಬೆನ್ನು ನೋವು ಎಂದು ಬರುತ್ತದೆ. ನಾನು “ಹೌದು ಮೇಡಂ” ಎಂದೆ. ಮುಂದಿನ ಶಿಬಿರದಲ್ಲೂ ಗೀಟೇ ಎಳೆದೆ. ಹೆಣ್ಣುಮಗಳೊಬ್ಬಳನ್ನು ಮುಟ್ಟಿನ ವಿಷಯ ಕೇಳಲು ನನಗೆ ನಾಚಿಕೆಯಾಗುತ್ತಿತ್ತು. ಅವಳನ್ನೇ ಸುಳ್ಳಿ ಎಂದು ಕರೆಯಲು ನಾಚಿಕೆಯಾಗುತ್ತಿರಲಿಲ್ಲ. ನನ್ನ ನಾಚಿಕೆ ಅಂಥದ್ದು.

ಹುಲಿಗೆಮ್ಮ ಬಂದದ್ದು ಈ ಕಾಲದಲ್ಲಿ. ಕಂಪ್ಲಿ ಕಡೆಯ ಮೆಟ್ರಿ ಊರಿನವರು, ಐವತ್ತರ ಆಸುಪಾಸು, ಗದ್ದೆ ಕೆಲಸದ ಗಟ್ಟಿ ಕೈ. ಕಂಪ್ಲಿಯಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಚೀಟಿ ಬರೆದು ಕಳಿಸಿದ್ದರು: ಮುಟ್ಟು ನಿಂತು ಎರಡು ವರ್ಷ, ನಾಟಿ ಹಚ್ಚುವಾಗ ದಮ್ಮು, ಕೊಬ್ಬಿನ ಪರೀಕ್ಷೆ ಮಾಡಿ. ಹೊಸ ಡಾಕ್ಟರು ಎಲ್ಲಾ ಪರೀಕ್ಷೆ ಬರೆಯುತ್ತಾರೆ ಎಂದುಕೊಂಡು ರಕ್ತ ತೆಗೆದೆ. ತಿರುಗಿಸಿ ನೋಡಿದರೆ ಸೀರಂ ಸುಣ್ಣದ ನೀರಿನಂತೆ ಬೆಳ್ಳಗೆ. ಕಿಟಕಿಯಿಂದಲೇ ಕೂಗಿದೆ.

“ಯವ್ವಾ, ಏನು ತಿಂದು ಬಂದಿ?”

“ಏನೂ ಇಲ್ಲೋ ಯಪ್ಪಾ. ಫಸ್ಟ್ ಬಸ್ಸಿಗೆ ಹಂಗೇ ಬಂದೀನಿ.”

“ಬಾಯಿ ಕೆಂಪೈತಲ್ಲ?”

“ಎಲಿ ಅಡಕಿ ಹಾಕೀನಪಾ. ಅದೇನು ಹೊಟ್ಟಿಗೆ ಹೋಗ್ತೈತೇನು, ಉಗುಳಿ ಬಂದೀನಿ.”

“ಎಲಿ ಅಡಕಿ ಅಂತೀರಿ, ಅದರ ಹಿಂದ ಎರಡು ಇಡ್ಲಿ ಹೋಗಿರ್ತಾವ” ಎಂದೆ. ಬೆಂಚಿನ ಮೇಲಿದ್ದವರು ನಕ್ಕರು. ಆಕೆ ಸೆರಗು ಬಾಯಿಗೆ ಹಿಡಿದುಕೊಂಡು ಹೋದರು.

ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಮತ್ತೆ ಬೆಳ್ಳಗೆ. ಬಾಯಿ ಮತ್ತೆ ಕೆಂಪು. ನನಗೆ ಸಿಟ್ಟು ಬಂತು. ಚೆಲ್ಲಿ, ಡಾಕ್ಟರಮ್ಮನಿಗೆ ಚೀಟಿ ಬರೆದೆ: ‘ತಿಂದು ಬಂದಿದ್ದಾರೆ. ಮತ್ತೆ ಕಳಿಸಿ.’ ಹುಲಿಗೆಮ್ಮ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಏನು ಬರದೀ ಯಪ್ಪಾ?” ಎಂದರು. ಓದಲು ಬರುತ್ತಿರಲಿಲ್ಲ. “ನಿಜ ಬರದೀನಿ” ಎಂದೆ.

ಮೂರನೇ ಸಲ ಮಗಳನ್ನು ಸಾಕ್ಷಿಗೆ ಕರೆತಂದಿದ್ದರು. ಮಗಳ ಹೆಸರು ರೇಣುಕಮ್ಮ, ಸಂಡೂರಿನ ಕಡೆ ವಡ್ಡು ಊರಿಗೆ ಕೊಟ್ಟಿದ್ದರು, ಆಗ ಮೂವತ್ತರ ವಯಸ್ಸು. ತಾಯಿಯ ಸಲುವಾಗಿ ಹಿಂದಿನ ದಿನವೇ ಮೆಟ್ರಿಗೆ ಬಂದಿದ್ದಳಂತೆ. “ಸಾರ್, ನಿನ್ನಿ ಸಂಜಿಂದ ನೀರು ಬಿಟ್ಟು ಏನೂ ಮುಟ್ಟಿಲ್ರಿ. ನಾನೇ ಕಾದೀನಿ” ಎಂದಳು. ಹುಲಿಗೆಮ್ಮ ಕಿಟಕಿಯ ಹತ್ತಿರ ಮುಖ ತಂದು, ಬಾಯಿ ತೆರೆದು, ನಾಲಿಗೆ ಹೊರಗೆ ಚಾಚಿದರು. ಎದ್ದ ಕೂಡಲೇ ಎಲೆ ಅಡಿಕೆ ಬಾಯಿಗಿಡದೆ ಇರಲಾರದವರ ನಾಲಿಗೆ ಅದು. ಬೆಳ್ಳಗೆ ಒಣಗಿತ್ತು. ಐವತ್ತು ವರ್ಷದ ಹೆಂಗಸು, ಹತ್ತು ಜನರ ಮುಂದೆ, ನನಗಿಂತ ಹಿರಿಯಳು, ಎಳೇ ಕೂಸಿನ ಹಾಗೆ ನಾಲಿಗೆ ತೋರಿಸುತ್ತಾ ನಿಂತಳು. ನಾನು ಬೇರೆ ಕಡೆ ನೋಡಿದೆ.

ಸೀರಂ ಬೆಳ್ಳಗೇ ಬಂತು. ಈ ಸಲ ಯಂತ್ರಕ್ಕೆ ಹಾಕಿದೆ. ಅಂಕಿ ಯಂತ್ರದ ಮಿತಿ ದಾಟಿ ಹೋಯಿತು. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಸೀರಂ ತೆಳುಮಾಡಿ ಮತ್ತೆ ಯಂತ್ರದಲ್ಲಿ ಓಡಿಸಬೇಕು, ಡಾಕ್ಟರ್ ಮೇಡಂಗೆ ತೋರಿಸಬೇಕು, ಕಂಪ್ಲಿಗೆ ಫೋನ್ ಮಾಡಬೇಕು. ಅರ್ಧ ತಾಸಿನ ಕೆಲಸ. ನಾನು ಮಾಡಲಿಲ್ಲ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಮೂರನೇ ಸಲ ಅಂಕಿ ಬರೆದುಕೊಟ್ಟರೆ ಮೊದಲ ಎರಡು ಸಲ ನಾನು ತಪ್ಪಿದ್ದೆ ಎಂದಾಗುತ್ತಿತ್ತು. ಬೆಂಚಿನ ಮೇಲೆ ಅವತ್ತೂ ಜನ ಕೂತಿದ್ದರು. ಅದೇ ಚೀಟಿ, ಅದೇ ಮಾತು ಬರೆದೆ: ‘ತಿಂದು ಬಂದಿದ್ದಾರೆ.’

ರೇಣುಕಮ್ಮ ಅದನ್ನು ಓದಿದಳು, ಅವಳಿಗೆ ಓದು ಬರುತ್ತಿತ್ತು. ನನ್ನನ್ನು ಒಮ್ಮೆ ನೋಡಿದಳು. “ನಡಿ ಯವ್ವಾ” ಎಂದು ತಾಯಿಯ ಕೈ ಹಿಡಿದು ಕರೆದುಕೊಂಡು ಹೋದಳು. ಆಮೇಲೆ ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ಹುಲಿಗೆಮ್ಮ ಮತ್ತೆ ಬರಲಿಲ್ಲ.

ಎರಡು ತಿಂಗಳ ಮೇಲೆ ಹೊಸಪೇಟೆಯ ಒಂದು ಆಸ್ಪತ್ರೆಯಿಂದ ನಮ್ಮಲ್ಲಿಗೆ ಒಂದು ಟ್ಯೂಬು ಬಂತು. ಚೀಟಿಯ ಮೇಲೆ ಹುಲಿಗೆಮ್ಮ, ಮೆಟ್ರಿ ಎಂದಿತ್ತು. ದವಡೆ ನೋವೆಂದು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದರಂತೆ. ನಾಲ್ಕು ದಿನದ ಮೇಲೆ ಗದ್ದೆಯಲ್ಲೇ ಕುಸಿದು ಬಿದ್ದಿದ್ದರು. ಹಾರ್ಟ್ ಅಟ್ಯಾಕ್. ಎರಡು ದಿನದಿಂದ ಬಾಯಿಗೆ ಏನೂ ಇಲ್ಲ, ಬರೀ ಡ್ರಿಪ್. ಟ್ಯೂಬನ್ನು ತಿರುಗಿಸಿ ತೆಗೆದೆ. ಬೆಳ್ಳಗಿತ್ತು.

ಅದನ್ನು ಓಡಿಸಿ, ತೆಳುಮಾಡಿ ಮತ್ತೆ ಓಡಿಸಿ, ಅಂಕಿ ಬರೆದೆ. ಡಾಕ್ಟರ್ ಮೇಡಂ ರಿಪೋರ್ಟಿಗೆ ಸಹಿ ಹಾಕುವಾಗ ಹುಬ್ಬು ಗಂಟಿಕ್ಕಿ ಕೇಳಿದರು: “ಇಷ್ಟು ಐತಲ್ರಿ. ಈಕಿ ಮೊದಲು ನಮ್ಮಲ್ಲಿ ಬಂದಿದ್ಲೇನು?”

“ಬಂದಿದ್ರು ಮೇಡಂ” ಎಂದೆ.

“ಆಗ ಏನು ಬಂದಿತ್ತು?”

“ತಿಂದು ಬಂದಿದ್ರು ಮೇಡಂ.”

ಸಾಯುತ್ತಿರುವ ಹೆಂಗಸಿನ ಮೇಲೆ ನಾಲ್ಕನೇ ಸಲ ಹಾಕಿದ ಸುಳ್ಳು ಅದು. ಮರುದಿನ ಹುಲಿಗೆಮ್ಮ ತೀರಿಕೊಂಡರು. ಮೊದಲ ಟ್ಯೂಬಿಗೇ ಔಷಧ ಶುರುವಾಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಅದನ್ನು ಯಾವ ಡಾಕ್ಟರೂ ಆಣೆ ಮಾಡಿ ಹೇಳಲಾರರು. ಆದರೆ ಅವರಿಗೆ ಆ ಅವಕಾಶ ಕೊಡದೆ ಇದ್ದವನು ನಾನು, ಅದರಲ್ಲಿ ಅನುಮಾನವಿಲ್ಲ.

ಮುಂದಿನ ಭಾನುವಾರ ಬಸ್ ಸ್ಟ್ಯಾಂಡಿಗೆ ಹೋಗಿ ಹೊಟ್ಟೆ ತುಂಬ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತಿಂದೆ, ಚಹಾ ಕುಡಿದೆ. ಎರಡು ತಾಸು ಬಿಟ್ಟು ಲ್ಯಾಬ್ ಬೀಗ ತೆಗೆದು, ತೋಳಿಗೆ ಪಟ್ಟಿ ಸುತ್ತಿ ಹಲ್ಲಿನಲ್ಲಿ ಎಳೆದು ಬಿಗಿದುಕೊಂಡು, ನನ್ನ ಕೈಯಿಂದ ನಾನೇ ರಕ್ತ ತೆಗೆದೆ. ತಿರುಗಿಸಿದೆ. ಸೀರಂ ಒಂಚೂರು ಮಬ್ಬಾಗಿತ್ತು, ಅಷ್ಟೇ. ಅದರಾಚೆ ಕ್ಯಾಲೆಂಡರಿನ ಅಕ್ಷರ ಓದಬಹುದಿತ್ತು. ಒಬ್ಬನ ರಕ್ತ ನೋಡಿ ನಿಯಮ ಮಾಡಬಾರದು, ನಿಜ. ಆದರೆ ಹುಲಿಗೆಮ್ಮನ ಟ್ಯೂಬಿನ ಬಿಳುಪು ಎರಡು ಇಡ್ಲಿಯದ್ದಲ್ಲ ಎಂದು ತಿಳಿಯಲು ಇಷ್ಟು ಸಾಕಿತ್ತು. ಇಪ್ಪತ್ತು ವರ್ಷ ಅದೇ ಲ್ಯಾಬಿನಲ್ಲಿ ನಿಂತಿದ್ದೆ, ಅದೇ ಮಿರ್ಚಿ ತಿಂದಿದ್ದೆ. ಒಂದು ದಿನವೂ ಹೀಗೆ ನೋಡಬೇಕು ಅನ್ನಿಸಿರಲಿಲ್ಲ. ಖಾಲಿ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು ಅತ್ತೆ.

ಮನೆಗೆ ಹೋಗಿ ನನ್ನ ಹೆಂಡತಿಯ ರಕ್ತ ತೆಗೆದೆ. ನನ್ನ ಕೊಬ್ಬಿನ ಪರೀಕ್ಷೆಯನ್ನು ವರ್ಷ ವರ್ಷ ಮಾಡಿಕೊಳ್ಳುತ್ತಿದ್ದೆ, ಅವಳದ್ದು ಒಮ್ಮೆಯೂ ಮಾಡಿರಲಿಲ್ಲ. ಆಗ ಅವಳಿಗೆ ಮುಟ್ಟು ಏರುಪೇರಾಗಿ, ಕೂತಲ್ಲೇ ಬೆವರುತ್ತಿದ್ದಳು. ನಾನು ಫ್ಯಾನು ಜೋರು ಮಾಡಿ ನನ್ನ ಪಾಡಿಗೆ ಪೇಪರ್ ಓದುತ್ತಿದ್ದೆ. “ಇವತ್ತೇನು ನನ್ನ ನೆನಪಾತು ನಿಮಗ?” ಎಂದು ಕೇಳಿದಳು. ಅವಳದ್ದು ಸ್ವಲ್ಪ ಹೆಚ್ಚಿತ್ತು. ಔಷಧ, ನಡಿಗೆ ಎಂದು ಸರಿಪಡಿಸಿಕೊಂಡೆವು.

ಅಂದಿನಿಂದ ಬೆಳ್ಳಗಿನ ಟ್ಯೂಬು ಒಂದನ್ನೂ ಚೆಲ್ಲಲಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಬಂದವರ ಬಾಯಿ ನೋಡಬೇಡಿ, ಟ್ಯೂಬು ನೋಡಿ. ತಿಂದಿದ್ದೀರಾ ಎಂದು ಒಮ್ಮೆ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆಯಿರಿ, ಅಂಕಿಯನ್ನೂ ಬರೆಯಿರಿ, ಡಾಕ್ಟರಿಗೆ ಫೋನ್ ಮಾಡಿ. ಮುಟ್ಟು ನಿಂತಿದೆಯೇ ಎಂದು ಕೇಳಲು ನಾಚಬೇಡಿ. ಈಗಂತೂ ಊಟ ಮಾಡಿ ಬಂದರೂ ಮೊದಲ ಪರೀಕ್ಷೆಗೆ ನಡೆಯುತ್ತದೆ ಎಂದು ಎಷ್ಟೋ ಡಾಕ್ಟರರು ಹೇಳುತ್ತಾರೆ. ನಾನು ಇಷ್ಟೆಲ್ಲ ತಿದ್ದಿಕೊಂಡೆ. ಆದರೆ ಮೆಟ್ರಿಗೆ ಹೋಗಿ ಒಂದು ಮಾತು ಹೇಳಬೇಕಿತ್ತಲ್ಲ, ಅದನ್ನು ಹೇಳಲಿಲ್ಲ. ಕಂಪ್ಲಿ ಬಸ್ಸು ಎದುರಿಗೇ ನಿಂತಿರುತ್ತಿತ್ತು. ಹತ್ತಲಿಲ್ಲ. ಹದಿನೈದು ವರ್ಷ ಹತ್ತಲಿಲ್ಲ.

ನಿವೃತ್ತಿಗೆ ಆರು ತಿಂಗಳಿದ್ದಾಗ ಒಂದು ಬೆಳಿಗ್ಗೆ ಕಿಟಕಿಯ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹೆಸರು ಕೇಳುವುದಕ್ಕೆ ಮೊದಲೇ, “ಏನೂ ತಿಂದಿಲ್ರಿ. ನಿನ್ನಿ ಮಧ್ಯಾಹ್ನದಿಂದ ನೀರೂ ಕುಡಿದಿಲ್ಲ” ಎಂದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಾನು ಚೀಟಿ ನೋಡಿದೆ. ರೇಣುಕಮ್ಮ, ವಡ್ಡು, ನಲವತ್ತಾರು. ಮುಟ್ಟು ಆರು ತಿಂಗಳಿಂದ ಏರುಪೇರು. ತಲೆ ಎತ್ತುವಷ್ಟರಲ್ಲಿ ಅವಳು ಬಾಯಿ ತೆರೆದು ನಾಲಿಗೆ ಚಾಚಿದ್ದಳು.

“ಬ್ಯಾಡಮ್ಮ. ಒಳಗ ಹಾಕು” ಎಂದೆ. ಒಳಗೆ ಕರೆದು ಕೂರಿಸಿ, ಮೊದಲು ಒಂದು ಲೋಟ ನೀರು ಕುಡಿಸಿದೆ. ನೀರು ಕುಡಿದರೆ ಪರೀಕ್ಷೆ ಕೆಡುವುದಿಲ್ಲ ಎಂದು ಎರಡು ಸಲ ಹೇಳಿದ ಮೇಲೆ ಕುಡಿದಳು. ರಕ್ತ ತೆಗೆದೆ. ತಿರುಗಿಸಿದೆ. ತಾಯಿಯ ಟ್ಯೂಬೇ ಹದಿನೈದು ವರ್ಷ ಎಲ್ಲೋ ಇದ್ದು ತಿರುಗಿ ಬಂದಂತಿತ್ತು. ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಬರುತ್ತದೆ.

ಓಡಿಸಿದೆ, ತೆಳುಮಾಡಿ ಮತ್ತೆ ಓಡಿಸಿದೆ, ಮೇಡಂಗೆ ತೋರಿಸಿದೆ, ಅವಳ ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತೇ ಔಷಧ ಶುರು ಮಾಡೋಣ, ಇಸಿಜಿ ಮಾಡಿಸಿಕೊಂಡು ಬರಲಿ ಎಂದರು. ಎಲ್ಲ ಮುಗಿದ ಮೇಲೆ ರಿಪೋರ್ಟು ಹಿಡಿದು ಅವಳ ಮುಂದೆ ಕೂತೆ.

“ರೇಣುಕಮ್ಮ, ನನ್ನ ಗುರುತು ಸಿಕ್ತೇನು?”

“ಕಿಟಕ್ಯಾಗ ನೋಡಿದ ಕೂಡ್ಲೇ ಸಿಕ್ತ್ರಿ ಸಾರ್.”

“ನಿಮ್ಮವ್ವ ಮೂರೂ ಸಲ ಏನೂ ತಿಂದಿರಲಿಲ್ಲಮ್ಮ. ತಪ್ಪು ಬರದವ ನಾನು. ಮೂರನೇ ಸಲ ಗೊತ್ತಿದ್ದೂ ಬರದೀನಿ.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನನಗ ಗೊತ್ತಿತ್ತಲ್ರಿ. ಆಕಿ ಮಗ್ಗಲದಾಗ ನಾನೇ ಮಲಗಿದ್ದೆ” ಎಂದಳು. ಆಮೇಲೆ, “ನಮ್ಮಪ್ಪಗ ಹೇಳ್ರಿ. ಆತ ಇವತ್ತಿಗೂ ಅಂತಾನ, ನಿಮ್ಮವ್ವ ಬಾಯಿ ಕಟ್ಟಲಾರದ ಸತ್ಲು ಅಂತ” ಎಂದಳು.

ತಾನೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಮೆಟ್ರಿಯಲ್ಲಿ ಒಂದು ಮುದುಕ ಧ್ವನಿ “ಹಲೋ” ಎಂದಿತು. ನಾನು ಯಾರೆಂದು ಹೇಳಿದೆ. ಮೂರು ಟ್ಯೂಬು, ಎರಡು ಚೀಟಿಯ ಕಥೆ ಹೇಳಿದೆ. “ನಿಮ್ಮ ಮನಿಯಾಕಿ ಸುಳ್ಳು ಹೇಳಿರಲಿಲ್ರಿ. ಸುಳ್ಳು ಬರದವ ನಾನು” ಎಂದೆ.

“ಎರಡನೇ ಚೀಟಿ ಬಂದಾಗ,” ಎಂದರು ಅವರು, “ನಾನು ಆಕಿ ಜೋಡಿ ಮಾತು ಬಿಟ್ಟಿದ್ದೆ. ಗದ್ಯಾಗ ಬಿದ್ದ ದಿನದ ತನಕ ಮಾತಾಡಿಸಿದ್ದಿಲ್ಲ.”

ನಾನೊಬ್ಬನೇ ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದೆ. ಎರಡು ತಿಂಗಳು ಒಂದೇ ಸೂರಿನ ಕೆಳಗೆ ಆ ಹೆಂಗಸು ಗಂಡನ ಮಾತಿಲ್ಲದೆ ಬದುಕಿ, ಹಾಗೇ ಸತ್ತಿದ್ದಳು. ಅದೂ ನನ್ನ ಕೈಬರಹವೇ. ತಪ್ಪಾಯಿತು ಎಂದು ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ. ರೇಣುಕಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಕಿವಿಗಿಟ್ಟುಕೊಂಡು, ಆ ಕಡೆ ಅಳುತ್ತಿದ್ದವರನ್ನು ಅಳಲು ಬಿಟ್ಟು, ಸುಮ್ಮನೆ ಕೇಳಿಸಿಕೊಂಡಳು.

ಆಮೇಲೆ ಮೆಲ್ಲಗೆ ಕೇಳಿದಳು: “ಯಪ್ಪಾ, ಉಂಡಿಯೇನು?”